ಅಜ್ಜನ ಕ್ಯಾಸೆಟ್ ಹಾಕಿದರೆ ಹುಡುಗನ ದನಿ ಬರ್ತಿದೆ! ಹಳೇ ಟೇಪ್ ರೆಕಾರ್ಡರ್ ಗೊತ್ತಿರೋರು ಬನ್ನಿ

ಮಂಡಕ್ಕಿ ಭಟ್ಟಿ · ಶನಿವಾರ, ರಾತ್ರಿ 9:40

ದಾವಣಗೆರೆಯ ನಮ್ಮ ಹಳೇ ಮನೆ ಮಾರಾಟಕ್ಕಿದೆ. ಎರಡು ವಾರದಿಂದ ಅಟ್ಟ ಖಾಲಿ ಮಾಡುತ್ತಿದ್ದೇವೆ. ಹಿತ್ತಾಳೆ ಪಾತ್ರೆ ಒಂದು ಕಡೆ, ಗುಜರಿ ಒಂದು ಕಡೆ, ಜಗಳ ಒಂದು ಕಡೆ. ನಿನ್ನೆ ದೊಡ್ಡಪ್ಪನ ಕಬ್ಬಿಣದ ಟ್ರಂಕು ಕೆಳಗಿಳಿಯಿತು. ತಳಕ್ಕೆ ಯಾವುದೋ ಹಳೇ ವಾರಪತ್ರಿಕೆಯ ಹಾಳೆ ಹಾಸಿದ್ದರು. ಅದರಲ್ಲಿ ಅರ್ಧ ಪುಟದ ಟೇಪ್ ರೆಕಾರ್ಡರ್ ಜಾಹೀರಾತು.

ಮುಟ್ಟಿದರೆ ಪುಡಿಯಾಗುತ್ತಿದೆ. ಅದಕ್ಕೆ ಎತ್ತಿಲ್ಲ, ಬಾಯಲ್ಲೇ ಹೇಳುತ್ತೇನೆ. ಸೋಫಾ ಮೇಲೆ ಗಂಡ ಹೆಂಡತಿ. ಹೆಂಡತಿಯ ಜಡೆ ತುಂಬಾ ಹೂವು. ಮುಂದೆ ಟೀಪಾಯಿ, ಅದರ ಮೇಲೆ ಮಷೀನು. ಫ್ರಾಕ್ ಹಾಕಿದ ಮಗು ಬಾಯಿ ಅಗಲಿಸಿ ಮೈಕ್ ಹಿಡಿದಿದೆ. ಮೂವರೂ ಮಷೀನನ್ನೇ ನೋಡಿ ನಗುತ್ತಿದ್ದಾರೆ. ಮಗು ಏನು ಹಾಡುತ್ತಿದೆ ಅಂತ ಅಪ್ಪ ಅಮ್ಮನಿಗೆ ಚಿಂತೆಯೇ ಇಲ್ಲ. ಕಂಪನಿ ಹೆಸರಿದ್ದ ಮೂಲೆಯನ್ನು ಜಿರಳೆ ತಿಂದಿದೆ.

ಹಾಳೆಯ ಮೇಲೆ ಒಂದು ಟೂ ಇನ್ ಒನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರೋದು), ಹನ್ನೊಂದು ಕ್ಯಾಸೆಟ್ಟು. ಹತ್ತರಲ್ಲಿ ಸಿನಿಮಾ ಹಾಡು. ಹನ್ನೊಂದನೆಯದರ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ ‘ಅಪ್ಪಾಜಿ ಭಜನೆ, ಶ್ರಾವಣ, 2ನೇ ಸೋಮವಾರ’ ಅಂತಿದೆ. ವರ್ಷ ಬರೆದಿಲ್ಲ.

ಅಪ್ಪಾಜಿ ಅಂದರೆ ನನ್ನ ಅಜ್ಜ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಹುಟ್ಟುವ ಮೊದಲೇ ಹೋದರು. ಅವರ ದನಿ ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲ. ಗೆಳೆಯನ ಹತ್ತಿರ ಸರಿಯಾಗಿ ಓಡುವ ಡೆಕ್ ಇತ್ತು, ತಂದು ಹಾಕಿದೆ. ತಾಳ ಓಡೋಡಿ ಹೋಗುತ್ತಿದೆ. ಹಾಡುವವರ ದನಿ ಹೈಸ್ಕೂಲ್ ಹುಡುಗನ ಹಾಗಿದೆ. ಪಕ್ಕದಲ್ಲಿ ಕೂತಿದ್ದ ಸೋದರತ್ತೆ ಎರಡು ನಿಮಿಷ ಕೇಳಿ, “ಇದು ನಮ್ಮಪ್ಪ ಅಲ್ಲ ಕಣೋ, ಯಾವನೋ ಹುಡುಗ” ಅಂತ ಎದ್ದು ಒಳಗೆ ಹೋದರು. ಅವರಿಗೆ 78.

ಎರಡು ಪ್ರಶ್ನೆ. ಇಂಥ ಜಾಹೀರಾತು ಯಾರಿಗಾದರೂ ನೆನಪಿದೆಯಾ? ಈ ಕ್ಯಾಸೆಟ್ಟಿಗೆ ಏನಾಗಿದೆ?

ದುರ್ಗದ ಬಿಸಿಲು · ರಾತ್ರಿ 9:52

ಅಜ್ಜ ಬೆಣ್ಣೆ ದೋಸೆ ತಿಂದು ಯೌವನ ಕಾಪಾಡಿಕೊಂಡಿದ್ದರು ಅಂತ ಕಾಣುತ್ತೆ 😄

ಸ್ಪೂಲ್ ಮಾಮ · ರಾತ್ರಿ 10:15

ಜಾಹೀರಾತು ನೆನಪಿಲ್ಲದೆ ಏನು! ನಮ್ಮ ಮನೆಗೆ ವಾರಪತ್ರಿಕೆ ಬಂದ ಕೂಡಲೇ ನಾನು ಮೊದಲು ತೆಗೆಯುತ್ತಿದ್ದದ್ದು ರೇಡಿಯೋ ಜಾಹೀರಾತಿನ ಪುಟವನ್ನೇ. ಅಕ್ಕನಿಗೆ ಧಾರಾವಾಹಿ, ನನಗೆ ಅದು. ಮರ್ಫಿ ರೇಡಿಯೋದ ಮಗು ಬಾಯಿ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿತ್ತಲ್ಲ, ಅದರ ಕ್ಯಾಲೆಂಡರ್ ಎಷ್ಟು ಮನೆಯ ಗೋಡೆ ಮೇಲಿತ್ತು! ಆ ಮನೆಗಳಲ್ಲಿ ಎಷ್ಟೋ ಕಡೆ ರೇಡಿಯೋನೇ ಇರಲಿಲ್ಲ.

ಕ್ಯಾಸೆಟ್ ಬರುವ ಮೊದಲಿನವನು ನಾನು. ನಮ್ಮ ಚಿಕ್ಕಪ್ಪನ ಹತ್ತಿರ ಗ್ರುಂಡಿಗ್ ಸ್ಪೂಲ್ ಮಷೀನ್ ಇತ್ತು, ದೊಡ್ಡ ಚಕ್ರಕ್ಕೆ ಟೇಪ್ ಸುತ್ತಿ ಓಡಿಸೋದು. ಎತ್ತಲು ಇಬ್ಬರು ಬೇಕು. ಮುಂದೆ ದನಿಯ ಜೋರು ತೋರಿಸುವ ಹಸಿರು ದೀಪ, ಮ್ಯಾಜಿಕ್ ಐ. ಜೋರಾಗಿ ಮಾತಾಡಿದರೆ ಆ ಹಸಿರು ಬೆಳಕಿನ ಎರಡು ತುದಿ ಬಂದು ಸೇರುತ್ತಿದ್ದವು. ಮೇಲೆ ಮೇಲೆ ಬಂದರೆ ದನಿ ಒಡೆಯುತ್ತೆ ಅಂತ ಅರ್ಥ. ನಾವು ಮಕ್ಕಳು ಹಾಡುವುದಕ್ಕಿಂತ ಆ ಕಣ್ಣು ಮುಚ್ಚಿಸುವುದಕ್ಕೆ ಕಿರುಚುತ್ತಿದ್ದೆವು.

ಒಂದು ವಿಷಯ ಹೇಳುತ್ತೇನೆ. ಎಚ್.ಎಂ.ವಿ. ನಾಯಿ ಎಲ್ಲರಿಗೂ ಗೊತ್ತು. ಹಿಸ್ ಮಾಸ್ಟರ್ಸ್ ವಾಯ್ಸ್, ಅಂದರೆ ಯಜಮಾನನ ದನಿ. ಆ ಚಿತ್ರವನ್ನು ಬರೆದವರು ಫ್ರಾನ್ಸಿಸ್ ಬರಾಡ್. ಮೊದಲು ಬರೆದಾಗ ನಾಯಿಯ ಮುಂದೆ ಇದ್ದದ್ದು ಗ್ರಾಮಫೋನ್ ಅಲ್ಲ, ಉರುಳೆ ತಿರುಗುವ ಫೋನೋಗ್ರಾಫ್. 1899ರಲ್ಲಿ ಗ್ರಾಮಫೋನ್ ಕಂಪನಿಯವರು ಚಿತ್ರ ಕೊಳ್ಳುವಾಗ ಅದರ ಮೇಲೆ ತಮ್ಮ ಗ್ರಾಮಫೋನನ್ನು ಬರೆಸಿದರು. ಇದರಲ್ಲಿ ಮಜಾ ಏನು ಗೊತ್ತಾ? ಫೋನೋಗ್ರಾಫಿನಲ್ಲಿ ಮನೆಯವರ ದನಿಯನ್ನೂ ತುಂಬಬಹುದಿತ್ತು. ಗ್ರಾಮಫೋನಿನಲ್ಲಿ ಅಂಗಡಿಯಿಂದ ತಂದ ಪ್ಲೇಟ್ ಹಾಕಿ ಕೇಳುವುದು ಅಷ್ಟೇ. ಯಜಮಾನನ ದನಿ ನಿಜವಾಗಿ ಕೇಳಬಹುದಾಗಿದ್ದ ಮಷೀನು ಬಣ್ಣದ ಕೆಳಗೆ ಮುಚ್ಚಿಹೋಯಿತು. ಪಾಪ ನಾಯಿ.

ಅಹುಜಾ ಶಿಷ್ಯ · ರಾತ್ರಿ 10:31

ಮಂಡಕ್ಕಿ ಅಣ್ಣ, ನಾನು ಮೈಕ್ ಸೆಟ್ ಅಂಗಡಿಯಲ್ಲಿ ಬೆಳೆದವನು. ಅಹುಜಾ ಆಂಪ್ಲಿಫೈಯರ್, ಹಾರ್ನು, ಗಣಪತಿ ಹಬ್ಬ, ಮದುವೆ, ಜಾತ್ರೆ, ಇಷ್ಟೇ ನಮ್ಮ ಜೀವನ. ಮೊದಲು ಇದಕ್ಕೆ ಉತ್ತರ ಹೇಳಿ. ಬೇರೆ ಹತ್ತು ಕ್ಯಾಸೆಟ್ ಅದೇ ಡೆಕ್ಕಿನಲ್ಲಿ ಸರಿಯಾಗಿ ಓಡುತ್ತವಾ? ಭಜನೆ ದಿನ ಕರೆಂಟ್ ಇತ್ತಾ?

ಮಂಡಕ್ಕಿ ಭಟ್ಟಿ · ರಾತ್ರಿ 10:44

ಉಳಿದವು ಸರಿಯಾಗಿವೆ. ಕರೆಂಟ್ ವಿಷಯ ಅತ್ತೆಯನ್ನು ಕೇಳಿದೆ. “ಶ್ರಾವಣದಾಗೆ ಕರೆಂಟ್ ಎಲ್ಲಿತ್ತೋ, ಗುಡಿಯಾಗೆ ಗ್ಯಾಸ್ ಲೈಟು” ಅಂದರು. ಅಂದರೆ ಪೆಟ್ರೋಮ್ಯಾಕ್ಸ್. ಭಜನೆ ನಡೆದದ್ದು ಓಣಿಯ ಬಸವಣ್ಣನ ಗುಡಿಯಲ್ಲಿ.

ಅಹುಜಾ ಶಿಷ್ಯ · ರಾತ್ರಿ 10:58

ಹಾಗಿದ್ದರೆ ಸಿಕ್ಕಿತು. ದೊಡ್ಡಪ್ಪ ಸೆಲ್ ಹಾಕಿ ರೆಕಾರ್ಡ್ ಮಾಡಿದ್ದಾರೆ. ಸೆಲ್ ಇಳಿದಿತ್ತು. ಸೆಲ್ ಇಳಿದರೆ ಮೋಟರ್ ನಿಧಾನ, ಟೇಪ್ ನಿಧಾನ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಅವತ್ತು ಅದು 4 ಸೆಂ.ಮೀ. ಓಡಿದೆ ಅಂದುಕೊಳ್ಳಿ. ಈಗ ಸರಿಯಾದ ಡೆಕ್ಕಿನಲ್ಲಿ ಹಾಕಿದರೆ ಅದೇ ಟೇಪು 4.76ರಲ್ಲಿ ಓಡುತ್ತೆ. ತಾಳವೂ ಜೋರು, ಶ್ರುತಿಯೂ ಮೇಲೆ. ಅಜ್ಜ ಹುಡುಗ ಆಗಿಬಿಟ್ಟರು.

ಇನ್ನೊಂದು ಪರೀಕ್ಷೆ ಮಾಡಿ. ಮೊದಲನೇ ಭಜನೆ ಪದಕ್ಕಿಂತ ಕೊನೇ ಪದದಲ್ಲಿ ದನಿ ಇನ್ನೂ ಸಣ್ಣಗಿದ್ದರೆ ನನ್ನ ಮಾತು ಗ್ಯಾರಂಟಿ. ಸೆಲ್ ಇಳಿಯುತ್ತಾ ಹೋಗಿರುತ್ತೆ.

ಟೂ ಇನ್ ಒನ್ ಅನ್ನು ಈಗಲೇ ಕರೆಂಟಿಗೆ ಹಾಕಬೇಡಿ. ಒಳಗಿನ ಬೆಲ್ಟ್ ಅಂಟು ಅಂಟಾಗಿರುತ್ತೆ. ಸೆಲ್ ಡಬ್ಬಿಯ ಸ್ಪ್ರಿಂಗು ಹಸಿರು ತಿರುಗಿದ್ದರೆ ಸೆಲ್ ಸೋರಿದೆ ಅಂತ.

ಮಂಡಕ್ಕಿ ಭಟ್ಟಿ · ರಾತ್ರಿ 11:20

ನಿಜ! ಕೊನೇ ಪದದಲ್ಲಿ ಅಜ್ಜ ಐದನೇ ಕ್ಲಾಸಿಗೆ ಇಳಿದಿದ್ದಾರೆ. ಸ್ಪ್ರಿಂಗೂ ಹಸಿರು.

ನಾಲ್ಕು ಟ್ರ್ಯಾಕು · ಭಾನುವಾರ, ಬೆಳಿಗ್ಗೆ 7:10

ನಿದ್ದೆ ಹಾಳು ಮಾಡಿದಿರಿ ಎಲ್ಲರೂ. ರಾತ್ರಿ ಪೂರ್ತಿ ಓದುತ್ತಾ ಕೂತೆ.

ನಾನು ದಾವಣಗೆರೆಯ ಬಿ.ಡಿ.ಟಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನು. ಓದಿದೆ ಅನ್ನೋದು ಸುಮ್ನೆ ಮಾತಿಗೆ. ಹಾಸ್ಟೆಲಿನಲ್ಲಿ ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದೆವು. ಒಂದು ಗಿಟಾರ್, ಒಂದು ಬೊಂಗೊ, ಒಬ್ಬ ಹಾಡುವವನು, ಒಬ್ಬ ಹಾಡಲು ಬಿಡದವನು. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಹುಡುಕುವಾಗ ಒಂದು ಫಾರಿನ್ ಸಂಗೀತ ಮ್ಯಾಗಝೀನ್ ಸಿಕ್ಕಿತು. ಅದರಲ್ಲಿ ಟೀಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಜಾಹೀರಾತು. ನನ್ನ ಜೀವನದ ಮೊದಲ ಪ್ರೇಮ ಅದೇ. ಹೆಂಡತಿಗೂ ಗೊತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 1979ರಲ್ಲಿ ಬಂದ ಮಷೀನು ಅದು. ಹಾಕುವುದು ನಮ್ಮ ನಿಮ್ಮ ಮನೆಯ ಮಾಮೂಲಿ ಕ್ಯಾಸೆಟ್ಟೇ. ಆದರೆ ಟೇಪಿನ ಅಗಲದಲ್ಲಿ ನಾಲ್ಕು ದಾರಿ. ಮೊದಲು ಗಿಟಾರ್ ತುಂಬಿ. ಅದನ್ನು ಕೇಳುತ್ತಾ ಎರಡನೇ ದಾರಿಯಲ್ಲಿ ಹಾಡಿ. ಮೂರನೆಯದರಲ್ಲಿ ತಾಳ. ಒಬ್ಬನೇ ಕೂತು ನಾಲ್ಕು ಜನ ಆಗಬಹುದು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಎರಡು ಸೈಡು ಇರುತ್ತಲ್ಲ, ಇದು ಆ ಎರಡೂ ಸೈಡಿನ ಜಾಗವನ್ನು ಒಂದೇ ಸಲ ಬಳಸುತ್ತೆ. ಅದಕ್ಕೆ ಮಗುಚಿ ಹಾಕುವ ಹಾಗಿಲ್ಲ. ಸ್ಪೀಡೂ ಎರಡರಷ್ಟು. ಹಾಗಾಗಿ 60 ನಿಮಿಷದ ಕ್ಯಾಸೆಟ್ ಹಾಕಿದರೆ ಸಿಗುವುದು ಹದಿನೈದೇ ನಿಮಿಷ. ಆದರೆ ಎಂಥ ಹದಿನೈದು ನಿಮಿಷ!

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಒಂದು ಇಡೀ ಆಲ್ಬಂ ಹೊರತಂದದ್ದು ಈ ಮಷೀನಿನಲ್ಲಿ ಮನೆಯಲ್ಲಿ ತುಂಬಿದ ಹಾಡುಗಳಿಂದ. ಆಮೇಲೆ ಅದೇ ಹಾಡುಗಳನ್ನು ಬ್ಯಾಂಡ್ ಜೊತೆ ಸ್ಟುಡಿಯೋದಲ್ಲಿ ಹಾಡಿ ನೋಡಿದರು. ಮನೆಯ ಕ್ಯಾಸೆಟ್ಟೇ ಚೆನ್ನಾಗಿದೆ ಅಂತ ಅದನ್ನೇ ಬಿಡುಗಡೆ ಮಾಡಿದರು. ಇದು ಗೊತ್ತಾದ ದಿನ ನಾನು ಊಟ ಬಿಟ್ಟಿದ್ದೆ.

ಆ ಮಷೀನ್ ನಮಗೆಲ್ಲಿ ಸಿಗಬೇಕು? ಎರಡು ಟೂ ಇನ್ ಒನ್ ಎದುರುಬದುರು ಇಟ್ಟೆವು. ಒಂದರಲ್ಲಿ ಗಿಟಾರ್ ತುಂಬಿ, ಅದನ್ನು ಜೋರಾಗಿ ಹಾಕಿ, ಅದರ ಜೊತೆ ಹಾಡುತ್ತಾ ಎರಡನೆಯದರಲ್ಲಿ ತುಂಬೋದು. ಆಮೇಲೆ ಅದನ್ನು ಹಾಕಿ ಬೊಂಗೊ ಜೊತೆ ಮೊದಲನೆಯದಕ್ಕೆ. ಪ್ರತಿ ಸಲ ಸ್ಸ್ಸ್ ಅನ್ನೋ ಸದ್ದು ಜಾಸ್ತಿ ಆಗುತ್ತಾ ಹೋಗುತ್ತೆ. ನಾಲ್ಕನೇ ಸಲಕ್ಕೆ ಗಿಟಾರ್ ಎಲ್ಲೋ ಕುಂದವಾಡ ಕೆರೆ ಆಚೆಯಿಂದ ಕೇಳಿದ ಹಾಗಿರುತ್ತಿತ್ತು. ನಡುವೆ ಮೆಸ್ಸಿನ ಗಂಟೆ. ಆದರೂ ಆ ಬೆಚ್ಚಗಿನ ದನಿ ಈಗಿನ ಫೋನುಗಳಲ್ಲಿ ಬರಲ್ಲ ಬಿಡಿ.

ಏಳು ಸುತ್ತು · ಬೆಳಿಗ್ಗೆ 8:35

ಕ್ಷಮಿಸಿ, ನಾನು ಸ್ವಲ್ಪ ಖಾರ ಹಾಕುತ್ತೇನೆ. ಚಿತ್ರದುರ್ಗದವಳು, ಕೆಲಸ ಆಡಿಯೋ ಎಡಿಟಿಂಗ್. ಆ ‘ಬೆಚ್ಚಗಿನ ದನಿ’ ಅಂದರೆ ಏನು ಗೊತ್ತಾ? ಮೇಲಿನ ಸ್ವರಗಳು ಸತ್ತಿವೆ, ಜೋರಿನ ಕಡೆ ಟೇಪು ತಡೆಯಲಾಗದೆ ಮೊಂಡಾಗಿದೆ, ಹಿಂದೆ ಮಳೆ ಸುರಿದ ಹಾಗೆ ಸದ್ದಿದೆ. ನಿಮ್ಮ ಕೈಯಲ್ಲಿರುವ ಫೋನ್ ಆ ಟೂ ಇನ್ ಒನ್‌ಗಿಂತ ನೂರು ಪಾಲು ಚೆನ್ನಾಗಿ ರೆಕಾರ್ಡ್ ಮಾಡುತ್ತೆ. ನಮಗೆ ಬೇಕಿರೋದು ಆ ವಯಸ್ಸು. ಹೆಸರು ಮಾತ್ರ ಟೇಪಿಂದು.

ಜಾಹೀರಾತಿನ ಮೇಲೂ ನನಗೆ ಸಿಟ್ಟಿದೆ. ಕ್ಯಾಸೆಟ್ ಕಂಪನಿ ಮ್ಯಾಕ್ಸೆಲ್‌ನ ಆ ಪ್ರಸಿದ್ಧ ಚಿತ್ರ ನೋಡಿರುತ್ತೀರಿ. ಕುರ್ಚಿಯಲ್ಲಿ ಕೂತವನ ಕೂದಲು, ಟೈ, ಪಕ್ಕದ ಲ್ಯಾಂಪು ಎಲ್ಲವೂ ಸ್ಪೀಕರಿನ ಗಾಳಿಗೆ ಹಿಂದಕ್ಕೆ ಹಾರುತ್ತಿವೆ. ಇನ್ನೊಂದು ಕ್ಯಾಸೆಟ್ ಕಂಪನಿ ಮೆಮೊರೆಕ್ಸ್‌ನವರು ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ದನಿಗೆ ಗಾಜಿನ ಲೋಟ ಒಡೆಸಿದರು. ಆಮೇಲೆ ಆ ದನಿಯ ಟೇಪಿಗೂ ಲೋಟ ಒಡೆಯಿತು ಅಂತ ತೋರಿಸಿದರು. ಎಲ್ಲಾ ಚೆಂದ. ಆದರೆ ಎಲ್ಲರೂ ಮಾರಿದ್ದು ದೊಡ್ಡವರ ದನಿ. ನಿಮ್ಮನೆ ಮುದುಕಿಯ ಎದುರು ಹಿಡಿಯಿರಿ ಅಂತ ಯಾರೂ ಹೇಳಲಿಲ್ಲ.

ನಮ್ಮ ಮನೆ ಕಥೆ ಕೇಳಿ. ನಮ್ಮಜ್ಜಿ ಸೋಬಾನೆ ಪದ ಹಾಡುತ್ತಿದ್ದಳು. ಮದುವೆ ಮನೆಗಳಿಗೆ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅಮ್ಮ ಒಂದು ದಿನ ಕೂರಿಸಿ ಒಂದು ಕ್ಯಾಸೆಟ್ ಪೂರ್ತಿ ತುಂಬಿಸಿದರು. ಯಾರೂ ಅಳಿಸಬಾರದು ಅಂತ ಕ್ಯಾಸೆಟ್ಟಿನ ಎರಡು ಕಿವಿಯನ್ನೂ, ಅಂದರೆ ಹಿಂಬದಿಯ ಪ್ಲಾಸ್ಟಿಕ್ ಚೂರುಗಳನ್ನು, ಮುರಿದು ಇಟ್ಟರು. ಅವಿಲ್ಲದಿದ್ದರೆ ಮಷೀನು ರೆಕಾರ್ಡ್ ಮಾಡಲ್ಲ. ನಮ್ಮಣ್ಣ ಮಹಾಶಯ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ, ಭದ್ರಾವತಿ ಸ್ಟೇಷನ್ನಿನಿಂದ ಬರುತ್ತಿದ್ದ ಸಿನಿಮಾ ಹಾಡು ತುಂಬಿಕೊಂಡ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಒಂದು ಉಸಿರಿನಷ್ಟು ಅಜ್ಜಿ ಉಳಿದಿದ್ದಾಳೆ. ‘ಸೋ’ ಅಂತ ಎಳೆಯುವಷ್ಟರಲ್ಲಿ ಅನೌನ್ಸರ್ ಬರುತ್ತಾರೆ.

ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯ ಜನಪದ ಗಾಯಕಿ ಸಿರಿಯಜ್ಜಿಯ ಪದಗಳು ಉಳಿದದ್ದು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರಂಥವರು ಹುಡುಕಿಕೊಂಡು ಹೋಗಿ ಸಂಗ್ರಹಿಸಿದ್ದಕ್ಕೆ. ಉಳಿದ ಅಜ್ಜಿಯರ ಹತ್ತಿರ ಹೋದದ್ದು ನಮ್ಮಣ್ಣನಂಥವರು.

ನಾಲ್ಕು ಟ್ರ್ಯಾಕು · ಬೆಳಿಗ್ಗೆ 8:50

ಅಕ್ಕಾ… ಬೆಚ್ಚಗಿನ ದನಿ ಮಾತು ವಾಪಸ್ ತಗೊಂಡೆ.

ಸ್ಪೂಲ್ ಮಾಮ · ಬೆಳಿಗ್ಗೆ 9:05

ಏಳು ಸುತ್ತು ಅವರೇ, ಅಳಿಸಿ ಮತ್ತೆ ತುಂಬಬಹುದು ಅನ್ನುವುದೇ ಆಗ ದೊಡ್ಡ ಹೆಗ್ಗಳಿಕೆ. ಪ್ಲೇಟ್ ಒಂದು ಸಲ ತಂದರೆ ಮುಗಿಯಿತು, ಟೇಪ್ ಆದರೆ ಎಷ್ಟು ಸಲ ಬೇಕಾದರೂ. ಖಾಲಿ ಕ್ಯಾಸೆಟ್ ಅಗ್ಗದ್ದೇನೂ ಅಲ್ಲ. ನಮ್ಮ ಮನೆಯಲ್ಲೂ ತಿಂಗಳಿಗೊಂದು ಸಲ ಯಾವುದನ್ನು ಅಳಿಸುವುದು ಅಂತ ಪಂಚಾಯಿತಿ ನಡೆಯುತ್ತಿತ್ತು. ಸಿನಿಮಾ ಹಾಡು ಗೆಲ್ಲುತ್ತಿತ್ತು. ಮನೆಯವರು ನಾಳೆಯೂ ಇರುತ್ತಾರಲ್ಲ, ಆಮೇಲೆ ತುಂಬಿಕೊಂಡರಾಯಿತು ಅಂತ.

ಹೊಳಲ್ಕೆರೆ ತೋಟ · ಬೆಳಿಗ್ಗೆ 9:40

ನಮ್ಮಪ್ಪ ಅಳಿಸಲೂ ಇಲ್ಲ. ನೇರವಾಗಿ ಹೊಲಕ್ಕೆ ಕಟ್ಟಿದರು.

ನಗಬೇಡಿ. ಸೂರ್ಯಕಾಂತಿಗೆ ಗಿಳಿ ಬೀಳುತ್ತಿದ್ದವು. ಕ್ಯಾಸೆಟ್ಟಿನ ಟೇಪ್ ಬಿಚ್ಚಿ, ಗೂಟದಿಂದ ಗೂಟಕ್ಕೆ ಒಂದೆರಡು ಸುತ್ತು ತಿರುಚಿ ಎಳೆದು ಕಟ್ಟಿದರೆ ಗಾಳಿಗೆ ಗುಂಯ್ ಅನ್ನುತ್ತೆ, ಬಿಸಿಲಿಗೆ ಫಳಫಳ ಹೊಳೆಯುತ್ತೆ. ಹಕ್ಕಿ ಬರಲ್ಲ. ಅರ್ಧ ಗಂಟೆ ಓಡುವ ಟೇಪು ಅಂದರೆ ಸುಮಾರು 86 ಮೀಟರ್, ಲೆಕ್ಕ ಹಾಕಿ ನೋಡಿ. ಒಂದು ಡಬ್ಬಿ ಕ್ಯಾಸೆಟ್ಟಿಗೆ ಎರಡು ಎಕರೆ ಆರಾಮಾಗಿ ಆಯಿತು. ಹರಿಕಥೆ, ಭಕ್ತಿಗೀತೆ, ನಮ್ಮಕ್ಕನ ಮದುವೆಯ ಮಂತ್ರ, ನಾನು ಒಂದನೇ ಕ್ಲಾಸಿನಲ್ಲಿ ಹೇಳಿದ ಮಗ್ಗಿ, ಎಲ್ಲಾ ಸೇರಿ ಗುಂಯ್ ಅಂದವು.

ಬೆಳೆ ಮಾತ್ರ ಚೆನ್ನಾಗಿ ಬಂತು.

ದುರ್ಗದ ಬಿಸಿಲು · ಬೆಳಿಗ್ಗೆ 9:44

ಮಗ್ಗಿ ಕೇಳಿ ಗಿಳಿಗಳು ಓಡಿದ್ದು. ಟೇಪಿಗೆ ಅಲ್ಲ.

ಅಹುಜಾ ಶಿಷ್ಯ · ಬೆಳಿಗ್ಗೆ 10:20

ಹಾಡು ತುಂಬಿಸೋ ಅಂಗಡಿಗಳ ವಿಷಯ ಯಾರೂ ಎತ್ತಲಿಲ್ಲ. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ಎರಡು ದಿನದಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಮದುವೆ ಆಗುವ ಹುಡುಗರು ಬರೆದುಕೊಂಡು ಬರುತ್ತಿದ್ದ ಪಟ್ಟಿ ನೋಡಬೇಕಿತ್ತು. ಹುಡುಗಿ ಹೆಸರು ಬರುವ ಹಾಡು ಹುಡುಕಿಕೊಡಿ ಅಂತ. ಅಂಗಡಿ ಗೋಡೆ ತುಂಬಾ ಟಿ.ಡಿ.ಕೆ., ಸೋನಿ ಸ್ಟಿಕ್ಕರು. ನಮಗೆ ಅದೇ ಜಾಹೀರಾತು. 90 ನಿಮಿಷದ ಕ್ಯಾಸೆಟ್ ಕೇಳಿದರೆ ನಮ್ಮ ಗುರುಗಳು ಯೋಚಿಸಿ ಕೊಡುತ್ತಿದ್ದರು, 120 ಕೇಳಿದರೆ ಬೈದು ಕಳಿಸುತ್ತಿದ್ದರು. ಜಾಸ್ತಿ ಹೊತ್ತು ಓಡಲು ಟೇಪ್ ತೆಳ್ಳಗೆ ಮಾಡಿರುತ್ತಾರೆ. ರೋಲರಿಗೆ ಸುತ್ತಿಕೊಂಡರೆ ಕಥೆ ಮುಗೀತು.

ಈಗ ಅಜ್ಜನ ವಿಷಯಕ್ಕೆ ಬರೋಣ. ಸ್ಪೀಡ್ ಎಷ್ಟು ತಪ್ಪಿದೆ ಅಂತ ಗೊತ್ತಾಗಬೇಕು. ಕರೆಂಟಿನ ಆಂಪ್ಲಿಫೈಯರ್ ಇದ್ದಿದ್ದರೆ ಹಿಂದೆ 50 ಹರ್ಟ್ಸಿನ ಗುಂಯ್ ಸದ್ದು ಸಿಗುತ್ತಿತ್ತು, ಅದನ್ನು ಅಳತೆಗೋಲು ಮಾಡಬಹುದಿತ್ತು. ಗ್ಯಾಸ್ ಲೈಟಿಗೆ ಅದೂ ಇಲ್ಲ.

ಏಳು ಸುತ್ತು · ಬೆಳಿಗ್ಗೆ 10:33

ಪೇಟಿ ಇದೆಯಾ ರೆಕಾರ್ಡಿಂಗಿನಲ್ಲಿ? ಹಾರ್ಮೋನಿಯಂ? ಇದ್ದರೆ ಅದೇ ಅಳತೆಗೋಲು. ಪೇಟಿಯ ಶ್ರುತಿ ಸೆಲ್ ಇಳಿದರೂ ಇಳಿಯಲ್ಲ. ಆ ಮೇಳ ಯಾವ ಮನೆಗೆ, ಅಂದರೆ ಪೇಟಿಯ ಯಾವ ಕೀಲಿಯನ್ನು ಷಡ್ಜ (‘ಸ’) ಮಾಡಿಕೊಂಡು, ಹಾಡುತ್ತಿತ್ತು ಅಂತ ಗೊತ್ತಾಗಬೇಕು. ಮೊದಲನೇ ಕಪ್ಪು ಕೀಲಿ ಕರಿ 1ಕ್ಕಾ, ಎರಡನೇ ಬಿಳಿ ಕೀಲಿ ಬಿಳಿ 2ಕ್ಕಾ? ಆಗ ಟೇಪಿನಲ್ಲಿ ಎಷ್ಟು ಮನೆ ಮೇಲೆ ಹೋಗಿದೆ ಅಂತ ಎಣಿಸಿದರಾಯಿತು. ಒಂದು ಮನೆ ಅಂದರೆ ಸ್ಪೀಡಿನಲ್ಲಿ ಸುಮಾರು ಶೇ. 6 ವ್ಯತ್ಯಾಸ.

ಮಂಡಕ್ಕಿ ಭಟ್ಟಿ · ಬೆಳಿಗ್ಗೆ 10:41

ಪೇಟಿ ಇದೆ! ಅದರ ಒಂದು ಸ್ವರ ಮಾತ್ರ ಕರಕರ ಅನ್ನುತ್ತಿದೆ, ಒಡೆದ ಪೀಪಿ ಹಾಗೆ. ಸಂಜೆ ಗುಡಿ ಹತ್ತಿರ ಹೋಗಿ ಬರುತ್ತೇನೆ.

ಏಳು ಸುತ್ತು · ಬೆಳಿಗ್ಗೆ 10:43

ಆ ಕರಕರ ಸದ್ದು ಹಾಡಿನ ಯಾವ ಸ್ವರಕ್ಕೆ ಬರುತ್ತೆ ಅಂತ ಗುರುತು ಮಾಡಿಕೊಳ್ಳಿ. ಮುಖ್ಯ.

ಮಂಡಕ್ಕಿ ಭಟ್ಟಿ · ಭಾನುವಾರ, ರಾತ್ರಿ 10:05

ಹೋಗಿ ಬಂದೆ. ಎಲ್ಲಾ ಹೇಳುತ್ತೇನೆ, ಉದ್ದ ಆಗುತ್ತೆ.

ಬಸವಣ್ಣನ ಗುಡಿಗೆ ಈಗ ಟೈಲ್ಸ್ ಹಾಕಿದ್ದಾರೆ. ಭಜನೆ ಮೇಳ ನಿಂತು ಎಷ್ಟೋ ವರ್ಷ. ಪೂಜಾರಪ್ಪನವರನ್ನು ಕೇಳಿದೆ. “ಪೇಟಿನಾ? ಅದು ಉಗ್ರಾಣದಾಗೆ ಅಕ್ಕಿ ಡ್ರಮ್ಮಿನ ಮೇಲೆ ಐತಿ” ಅಂದರು. ಪೇಟಿಯ ಮೇಲೆ ಸ್ಟೀಲ್ ತಟ್ಟೆಗಳು, ಅದರ ಮೇಲೆ ಸೀರಿಯಲ್ ಸೆಟ್ಟಿನ ಗಂಟು. ಕೆಳಗಿಳಿಸಿ ಒರೆಸಿದೆವು. ತಿದಿಯ ಒಂದು ಮೂಲೆಯಲ್ಲಿ ಇಲಿ ಕಡಿದಿದೆ. ಪೂಜಾರಪ್ಪ ಅಲ್ಲಿ ಅಂಗೈ ಒತ್ತಿ ಹಿಡಿದರು, ನಾನು ಗಾಳಿ ಹಾಕಿದೆ. ಹೊರಗೆ ಕಟ್ಟೆ ಮೇಲೆ ಕೂತಿದ್ದ ಒಬ್ಬ ಹಿರಿಯರು ತಾವಾಗಿಯೇ ಒಳಗೆ ಬಂದರು. ಅವರು ಮೇಳದಲ್ಲಿ ತಾಳ ಹಾಕುತ್ತಿದ್ದವರಂತೆ, ಮಿಲ್ಲಿನಲ್ಲಿ ಕೆಲಸ. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಸೈಕಲ್ ಹೊಡೆದುಕೊಂಡು ಬಂದು ಭಜನೆಗೆ ಕೂರುತ್ತಿದ್ದರಂತೆ.

“ನಿಮ್ಮಜ್ಜನ ಶ್ರುತಿ ಕರಿ ಒಂದು. ಗಂಟಲು ಕಟ್ಟಿದ ದಿನ ಬಿಳಿ ಒಂದು” ಅಂದರು.

ಈಗ ಕಷ್ಟಕ್ಕೆ ಬಂತು. ಅವತ್ತು ಗಂಟಲು ಕಟ್ಟಿತ್ತಾ ಇಲ್ಲವಾ? ಶ್ರಾವಣದ ಮಳೆ ಬೇರೆ.

ಆಗ ಒಂದೊಂದೇ ಮನೆ ಒತ್ತುತ್ತಾ ಹೋದೆ. ಬಿಳಿ 1, ಕರಿ 1, ಬಿಳಿ 2, ಎಲ್ಲಾ ಚೆನ್ನಾಗಿವೆ. ಕರಿ 4 ಒತ್ತಿದರೆ ಕರ್ರ್ರ್. ಅದೇ ಸದ್ದು. ಮೈ ಜುಂ ಅಂತು. ಹಿರಿಯರು ನಕ್ಕರು. “ಅದು ಮೊದಲಿಂದ ಹಂಗೇ. ರಿಪೇರಿಗೆ ಅಂತ ಎರಡು ಸಲ ಪಟ್ಟಿ ಎತ್ತಿದ್ವಿ. ಎರಡು ಸಲವೂ ಪ್ರಸಾದಕ್ಕೆ ಖರ್ಚಾತು.”

ಟೇಪಿನಲ್ಲಿ ಕರಕರ ಬರುತ್ತಿದ್ದದ್ದು ಪಂಚಮಕ್ಕೆ (‘ಪ’). ಅದು ಷಡ್ಜಕ್ಕಿಂತ ಏಳು ಮನೆ ಮೇಲೆ. ಕರಿ 4 ಪಂಚಮ ಆಗಬೇಕಾದರೆ ಷಡ್ಜ ಕರಿ 1 ಆಗಲೇಬೇಕು. ಗಂಟಲು ಕಟ್ಟಿರಲಿಲ್ಲ!

ಏಳು ಸುತ್ತು · ರಾತ್ರಿ 10:12

ರಿಪೇರಿ ಮಾಡಿಸದೆ ಇದ್ದದ್ದೇ ಒಳ್ಳೆಯದಾಯಿತು. ಆ ಪ್ರಸಾದ ತಿಂದವರಿಗೆ ನನ್ನ ಕಡೆಯಿಂದ ನಮಸ್ಕಾರ. ಈಗ ಲೆಕ್ಕ ಹೇಳಿ.

ಮಂಡಕ್ಕಿ ಭಟ್ಟಿ · ರಾತ್ರಿ 10:30

ಪೇಟಿಯ ಎಲ್ಲಾ ಮನೆಗಳನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಟೇಪಿನ ಜೊತೆ ಹೋಲಿಸಿದೆ. ಮೊದಲನೇ ಪದದ ಷಡ್ಜ ಕರಿ 2ರಲ್ಲಿ ಕೇಳುತ್ತಿದೆ, ಅಂದರೆ ಎರಡು ಮನೆ ಮೇಲೆ. ಕೊನೇ ಪದಕ್ಕೆ ಬಿಳಿ 4ಕ್ಕೆ ಹೋಗಿದೆ, ನಾಲ್ಕು ಮನೆ ಮೇಲೆ. ನಡುವಿನವು ನಡುವೆ.

ಏಳು ಸುತ್ತು · ರಾತ್ರಿ 10:38

ಸರಿ. ಕಂಪ್ಯೂಟರಿನ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ತೆರೆಯಿರಿ. ಶ್ರುತಿ ಮಾತ್ರ ಬದಲಾಯಿಸೋ ಆಯ್ಕೆ ಬೇಡ, ಅದು ತಾಳವನ್ನು ಹಾಗೇ ಬಿಡುತ್ತೆ. ಸ್ಪೀಡ್ ಬದಲಾಯಿಸೋದು ತಗೊಳ್ಳಿ, ಶ್ರುತಿ ತಾಳ ಎರಡೂ ಒಟ್ಟಿಗೆ ಇಳಿಯಬೇಕು. ಎರಡು ಮನೆ ಇಳಿಸಲು 0.891ರಿಂದ ಗುಣಿಸಿ. ನಾಲ್ಕು ಮನೆಗೆ 0.794. ಒಂದೊಂದು ಪದವನ್ನೂ ಬೇರೆ ಬೇರೆ ತುಂಡು ಮಾಡಿಕೊಂಡು ಸರಿಮಾಡಿ. ಇಡೀ ಟೇಪಿಗೆ ಒಂದೇ ಅಳತೆ ಹಾಕಿದರೆ ಅಜ್ಜ ದಾರಿ ಮಧ್ಯೆ ಮತ್ತೆ ಸ್ಕೂಲಿಗೆ ಹೋಗುತ್ತಾರೆ. ಮೂಲ ಫೈಲನ್ನು ಮುಟ್ಟಬೇಡಿ, ಪ್ರತಿ ಮಾಡಿಕೊಳ್ಳಿ.

ಅಹುಜಾ ಶಿಷ್ಯ · ರಾತ್ರಿ 10:50

ಇನ್ನೊಂದು. ಕಂಪ್ಯೂಟರಿಗೆ ತುಂಬುವ ಮೊದಲು ಡೆಕ್ಕಿನ ಹೆಡ್ ಅನ್ನು, ಅಂದರೆ ಟೇಪಿನಿಂದ ದನಿ ಓದುವ ಭಾಗವನ್ನು, ಹತ್ತಿ ಕಡ್ಡಿಗೆ ಸ್ಪಿರಿಟ್ ಹಾಕಿ ಒರೆಸಿ. ಹೆಡ್ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತೆ, ಹೆಡ್ಡಿನ ಓರೆ ಸರಿಮಾಡೋದು. ಟೇಪ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ. ಒಂದು ಕಡೆ ತಾಳದ ಠಿಣ್ ಸದ್ದು ಪಟ್ಟನೆ ತೆರೆದುಕೊಳ್ಳುತ್ತೆ. ಅಲ್ಲಿ ನಿಲ್ಲಿಸಿ. ಗೆಳೆಯನ ಡೆಕ್ ಅಂದಿರಲ್ಲ, ಸ್ಕ್ರೂ ಮೊದಲು ಎಲ್ಲಿತ್ತು ಅಂತ ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ಗೆಳೆತನ ಹೋಗುತ್ತೆ.

ನಾಲ್ಕು ಟ್ರ್ಯಾಕು · ರಾತ್ರಿ 11:15

ಆಗಿಂದ ಒಂದೇ ಯೋಚನೆ. ನಮ್ಮ ಬ್ಯಾಂಡಿನ ಕ್ಯಾಸೆಟ್ಟಿನಲ್ಲಿ ಹಾಡು ನಿಂತಾಗಲೆಲ್ಲ ಫ್ಯಾನ್ ಸದ್ದು ಭೋರ್ ಅಂತ ಮೇಲೆ ಬರುತ್ತಿತ್ತು. ನಾವು ಆಗ ಅದನ್ನು ಬೈಯುತ್ತಿದ್ದೆವು. ಅಗ್ಗದ ಮಷೀನುಗಳು ತಾವೇ ದನಿ ಏರಿಸಿ ಇಳಿಸಿ ಮಾಡುತ್ತವೆ. ಹಾಡು ಜೋರಾದರೆ ಇಳಿಸುತ್ತೆ, ಎಲ್ಲರೂ ಸುಮ್ಮನಾದರೆ ಕೋಣೆಯ ಸದ್ದನ್ನೆಲ್ಲ ಎತ್ತುತ್ತೆ. ಮಂಡಕ್ಕಿ ಅವರೇ, ಪದ ಮುಗಿದ ಮೇಲೆ ಇನ್ನೊಂದು ಶುರುವಾಗುವ ಮೊದಲಿನ ಜಾಗವನ್ನು ಕತ್ತರಿಸಬೇಡಿ. ಕಿವಿಗೊಟ್ಟು ಕೇಳಿ.

ಮಂಡಕ್ಕಿ ಭಟ್ಟಿ · ಬುಧವಾರ, ರಾತ್ರಿ 9:25

ಮೂರು ರಾತ್ರಿ ಹಿಡಿಯಿತು. ಒಟ್ಟು ಏಳು ಪದ. ನಾಲ್ಕು ನಿಮಿಷ ಇದ್ದ ಕೊನೆಯದು ಸರಿಮಾಡಿದ ಮೇಲೆ ಐದು ನಿಮಿಷ ಆಯಿತು.

ದನಿ ದಪ್ಪಗಿದೆ. ನಾನು ಅಂದುಕೊಂಡಷ್ಟು ಇಂಪಾಗಿಲ್ಲ, ನಿಜ ಹೇಳಬೇಕಲ್ಲ. ಮೇಲಿನ ಷಡ್ಜಕ್ಕೆ ಹೋಗುವಾಗ ಮೂಗಿನಿಂದ ತೆಗೆಯುತ್ತಾರೆ. ನಮ್ಮಪ್ಪ ಸ್ನಾನದ ಮನೆಯಲ್ಲಿ ಥೇಟ್ ಹಾಗೇ ಹಾಡುತ್ತಾರೆ.

ಇವತ್ತು ಸಂಜೆ ಅತ್ತೆಯನ್ನು ಕೂರಿಸಿ ಕೇಳಿಸಿದೆ. ಮೊದಲನೇ ಪದ, ಎರಡನೇ ಪದ. ಮುಖದಲ್ಲಿ ಏನೂ ಇಲ್ಲ. “ಇರಬಹುದಪ್ಪ, ಎಷ್ಟು ವರ್ಷ ಆತು, ನೆನಪಿಲ್ಲ” ಅಂದರು. ನನಗೆ ಒಳಗೇ ಪೆಚ್ಚಾಯಿತು. ಆದರೂ ಆಫ್ ಮಾಡಲಿಲ್ಲ, ಓಡುತ್ತಿತ್ತು. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತರು.

ಕೊನೇ ಪದ ಮುಗಿಯಿತು. ನಾಲ್ಕು ಟ್ರ್ಯಾಕು ಹೇಳಿದ ಹಾಗೆ ಬಾಲವನ್ನು ಕತ್ತರಿಸಿರಲಿಲ್ಲ. ಗ್ಯಾಸ್ ಲೈಟಿನ ಸುಯ್ ಸದ್ದು ಮೇಲೆ ಬರುತ್ತೆ. ಯಾರೋ ಕೆಮ್ಮುತ್ತಾರೆ. ತಾಳ ಕೆಳಗಿಟ್ಟ ಸದ್ದು. ಆಮೇಲೆ ಅದೇ ದಪ್ಪ ದನಿ, ಹಾಡಲ್ಲ, ಮಾತು: “ಆರ್ಸೋ ಅದನ್ನ, ಸೆಲ್ ಸುಮ್ನೆ ಖರ್ಚಾಗ್ತವೆ.” ಟಕ್.

ಅತ್ತೆ ಕೈಯಲ್ಲಿದ್ದ ಬೆಳ್ಳುಳ್ಳಿ ಬಿಟ್ಟು ನಕ್ಕರು ನೋಡಿ! ಕಣ್ಣಲ್ಲಿ ನೀರು ಬರುವಷ್ಟು. “ಹ್ಞೂಂ ಕಣೋ, ಇದು ನಮ್ಮಪ್ಪನೇ. ಲಾಟೀನಿನ ಬತ್ತಿನೂ ಹಿಂಗೇ ಸಣ್ಣ ಮಾಡಿಸ್ತಿದ್ರು. ಹಾಕು, ಇನ್ನೊಂದ್ಸಲ ಹಾಕು ಅದನ್ನ” ಅಂದರು. ಹಾಡನ್ನಲ್ಲ, ಆ ಒಂದು ಮಾತನ್ನೇ ಹನ್ನೆರಡು ಸಲ ಹಾಕಿಸಿಕೊಂಡರು.

ಸ್ಪೂಲ್ ಮಾಮ · ರಾತ್ರಿ 9:31

ಅಜ್ಜ ಹೊಸ ಸೆಲ್ ಹಾಕಲು ಬಿಟ್ಟಿದ್ದರೆ ನಿಮಗೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ.

ದುರ್ಗದ ಬಿಸಿಲು · ರಾತ್ರಿ 9:33

ದಾವಣಗೆರೆ ಮಂಡಿ ಲೆಕ್ಕ ಅಂದರೆ ಸುಮ್ನೆ ಅಲ್ಲ. 1997ರಲ್ಲಿ ನಮ್ಮ ಜಿಲ್ಲೆಯಿಂದ ಬೇರೆ ಆಗುವಾಗಲೂ ಒಂದು ಸೆಲ್ ಬಿಟ್ಟು ಹೋಗಲಿಲ್ಲ ನೀವು.

ಏಳು ಸುತ್ತು · ರಾತ್ರಿ 9:50

ಕೇಳಿ ಖುಷಿಯಾಯಿತು. ಇವತ್ತು ಅಣ್ಣನಿಗೆ ಫೋನ್ ಮಾಡಿ ಆ ಸಿನಿಮಾ ಹಾಡಿನ ಕ್ಯಾಸೆಟ್ ಕಳಿಸು ಅಂದೆ. ‘ಸೋ’ ಅನ್ನೋ ಅಷ್ಟನ್ನಾದರೂ ಎತ್ತಿ ಇಟ್ಟುಕೊಳ್ಳುತ್ತೇನೆ. ಹೊಳಲ್ಕೆರೆ ಅವರೇ, ನಿಮ್ಮ ಹೊಲದಲ್ಲಿ ಏನಾದರೂ ಉಳಿದಿದೆಯಾ?

ಹೊಳಲ್ಕೆರೆ ತೋಟ · ರಾತ್ರಿ 10:02

ಈಗ ಅಲ್ಲಿ ಅಡಿಕೆ ಇದೆ ಮೇಡಂ. ಬದುವಿನ ಜಾಲಿ ಮರಕ್ಕೆ ಸಿಕ್ಕಿಕೊಂಡ ಒಂದು ಮಾರುದ್ದ ಮೊನ್ನೆಮೊನ್ನೆವರೆಗೂ ಹೊಳೆಯುತ್ತಿತ್ತು.

ಅಹುಜಾ ಶಿಷ್ಯ · ರಾತ್ರಿ 10:10

ಮಂಡಕ್ಕಿ ಅಣ್ಣ, ಎಲ್ಲಾ ಸರಿ. ಕ್ಯಾಸೆಟ್ಟಿನ ಕಿವಿ ಮುರಿದಿರಾ?

ಮಂಡಕ್ಕಿ ಭಟ್ಟಿ · ರಾತ್ರಿ 10:12

ಮುರಿದೆ. ಎರಡೂ. ಮನೆಯಲ್ಲಿದ್ದ ಸೆಲ್ಲೋಟೇಪನ್ನೂ ಎತ್ತಿಟ್ಟಿದ್ದೇನೆ.